ಕೊಮುಜ್ ಕಾವಿಗೆ ಒಲೆ ಕರಗಿದ್ದು ಹಾಗೂ ಕಲಾ ಅನುದಾನದ ಹಂಚಿಕೆ ಕುರಿತು

ತಾಶ್-ಬೆಶಿಕ್ ಗ್ರಾಮಾಡಳಿತ
ಜನಪದ ಕಲೆ, ಕಲಾವಿದರು ಮತ್ತು ಕಲಾ ಅನುದಾನ ವಿಭಾಗ
(ಬೆಟ್ಟದ ಈಚೆಗಾಗಲಿ ಆಚೆಗಾಗಲಿ ಇದಕ್ಕಿಂತ ದೊಡ್ಡ ವಿಭಾಗ ಇರುವುದಿಲ್ಲ. ಸಿಬ್ಬಂದಿ: ಒಬ್ಬರು.)

ಸಂಖ್ಯೆ: ತಾಬೆಗ್ರಾ/ಕಲೆ/ಒಲೆ/ಬಿಸಿಬಿಸಿ/೧
ದಿನಾಂಕ: ಶಾಯಿ ಹೆಪ್ಪುಗಟ್ಟಿರುವ ಕಾರಣ ನಮೂದಿಸಿರುವುದಿಲ್ಲ.

ಸುತ್ತೋಲೆ

ವಿಷಯ: ಸಂಸ್ಕೃತಿ ಭವನದ ಕಬ್ಬಿಣದ ಒಲೆಯು ಕೊಮುಜ್ ವಾದನದ ಕಾವಿಗೆ ಕರಗಿಹೋಗಿರುವ ಹಿನ್ನೆಲೆಯಲ್ಲಿ, ಪ್ರಸಕ್ತ ಚಳಿಗಾಲದ ಕಲಾ ಅನುದಾನವನ್ನು ಹಂಚುವ ಬಗ್ಗೆ.

ಉಲ್ಲೇಖ: (೧) ಜಿಲ್ಲಾಡಳಿತದ ಪತ್ರ. “ಇರುವಷ್ಟರಲ್ಲಿ ಮುಗಿಸಿಕೊಳ್ಳಿ” ಎಂಬುದು ಅದರ ಸಾರಾಂಶ.
(೨) ಸೈಕಾಲ್ ಎಜೆಯವರ ಮೌಖಿಕ ದೂರು, ಕಚೇರಿಯ ಕಿಟಕಿಯ ಮೂಲಕ, ಪ್ರತಿದಿನ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸಮಸ್ತ ಗ್ರಾಮಸ್ಥರ ಗಮನಕ್ಕೆ ತರುವುದೇನೆಂದರೆ, ನಮ್ಮೂರ ಹೆಣ್ಣುಮಕ್ಕಳ ಕೊಮುಜ್ ತಂಡವು ಶರತ್ಕಾಲದ ಕೊನೆಯಲ್ಲಿ ಸಂಸ್ಕೃತಿ ಭವನದಲ್ಲಿ ಅಭ್ಯಾಸ ನಡೆಸುತ್ತಿದ್ದಾಗ, ಆ ವಾದ್ಯದ ಮೂರೇ ಮೂರು ತಂತಿಗಳಿಂದ ಎದ್ದ ಕಾವು ಹೇಳತೀರದು. ಭವನದ ಒಲೆ ಮೊದಲು ಕೆಂಪಾಯಿತು, ಆಮೇಲೆ ಮೆತ್ತಗಾಯಿತು, ಕೊನೆಗೆ ಬೆಣ್ಣೆಯ ಹಾಗೆ ಕರಗಿ ನೆಲದ ಹಲಗೆಗಳ ಸಂದಿಯಲ್ಲಿಳಿದು ಭೂಮಿಯ ಹೊಟ್ಟೆ ಸೇರಿತು. ಹೊಗೆ ಕೊಳವೆಯು ಜೊತೆಗಾರನ ಈ ಗತಿಯನ್ನು ನೋಡಲಾರದೆ ತಾನೇ ಕಳಚಿಕೊಂಡು ಆಕಾಶಕ್ಕೆ ಹಾರಿಹೋಯಿತು. ಅದೇ ಕಾವಿಗೆ ಎದುರು ಬೆಟ್ಟದ ಹಿಮ ಕರಗಿ, ಕೆಳಗಿನ ಊರಿನವರು ವಸಂತ ಬಂತೆಂದು ತಿಳಿದು ಕುರಿಗಳ ಉಣ್ಣೆ ಕತ್ತರಿಸಿಬಿಟ್ಟರೆಂದು ಅತ್ಯಂತ ನಂಬಲರ್ಹ ಮೂಲದಿಂದ (ನನ್ನಿಂದ) ತಿಳಿದುಬಂದಿರುತ್ತದೆ. ಇಂಥ ಕಲೆ ಜಗತ್ತಿನ ಬೇರೆ ಯಾವ ಊರಿನಲ್ಲೂ ಇಲ್ಲವೆಂದು ಈ ಮೂಲಕ ಘೋಷಿಸಲಾಗಿದೆ.

ಒಲೆ ಇದ್ದ ಜಾಗದಲ್ಲಿ ಈಗ ಒಂದು ಕಪ್ಪು ಗುರುತು ಮಾತ್ರ ಉಳಿದಿರುತ್ತದೆ. ಇದರಿಂದಾಗಿ ಭವನದೊಳಗೆ ಬೆರಳು ಮರಗಟ್ಟುತ್ತವೆ, ತಂತಿ ಶ್ರುತಿಯಲ್ಲಿ ನಿಲ್ಲುವುದಿಲ್ಲ, ತಾಯಂದಿರು ಮಕ್ಕಳನ್ನು ಅಭ್ಯಾಸಕ್ಕೆ ಕಳುಹಿಸಲು ಒಪ್ಪುತ್ತಿಲ್ಲ. ವಸಂತದ ನೂರೂಜ್ ಹಬ್ಬದ ಜಿಲ್ಲಾ ಸ್ಪರ್ಧೆಗೆ ಹೆಸರು ಕೊಟ್ಟಿರುವ ತಂಡವು ಹಬ್ಬ ಬರುವ ಮುಂಚೆಯೇ ಮುಚ್ಚಿಹೋಗುತ್ತದೆಂದು, ತಂಡವನ್ನು ಕಟ್ಟಿ ಕಲಿಸುತ್ತಿರುವ, ಊರೆಲ್ಲ ಎಜೆ (ಅಕ್ಕ) ಎಂದು ಕರೆಯುವ ಸೈಕಾಲ್ ಎಜೆಯವರು ತಿಳಿಸಿರುತ್ತಾರೆ. ಅವರು ತಿಳಿಸಿದ ಧಾಟಿಯನ್ನು ಕಚೇರಿ ಭಾಷೆಗೆ ಇಳಿಸಲು ಬರುವುದಿಲ್ಲ. ಮಾದರಿಗಾಗಿ, ಈ ವಿಭಾಗದ ಕಾರ್ಯದರ್ಶಿಗೆ (ನನಗೆ) ಅವರು ಹೇಳಿದ ಒಂದು ವಾಕ್ಯ: “ಲೋ ಎಸೆನ್‌ಕುಲ್, ಒಲೆ ಕರಗೋವಷ್ಟು ಬಿಸಿ ಇದ್ದಿದ್ರೆ ನನ್ನ ಹುಡುಗೀರ ಮೂಗು ಯಾಕೋ ನೀಲಿ ಆಗಿದೆ?”

ಈ ಪ್ರಶ್ನೆಯು ವಿಭಾಗದ ಪರಿಶೀಲನೆಯಲ್ಲಿರುತ್ತದೆ. ಅಲ್ಲಿಯವರೆಗೆ ಈ ಕೆಳಕಂಡ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದೆಂದು ಸೂಚಿಸಲಾಗಿದೆ.

೧. ಕಲಾ ಅನುದಾನವು ಕಲೆಗೆ ಮಾತ್ರ. ಒಲೆಯು ಕಲೆಯಲ್ಲ. ಬೆರಣಿಯು ಕಲೆಯಲ್ಲ. ಹೊಗೆ ಕೊಳವೆಯು, ಅದರೊಳಗೆ ಗಾಳಿ ಊಳಿಡುವಾಗ ಮಾತ್ರ, ಕಲೆಯ ಸಮೀಪಕ್ಕೆ ಬರುತ್ತದಾದರೂ ನಿಯಮಗಳಲ್ಲಿ ಅವಕಾಶವಿರುವುದಿಲ್ಲ. ಒಲೆಗಾಗಿ ಸೈಕಾಲ್ ಎಜೆಯವರು ಸಲ್ಲಿಸಿದ ಅರ್ಜಿಯನ್ನು ಇದೇ ಕಾರಣಕ್ಕೆ ತಿರಸ್ಕರಿಸಲಾಗಿರುತ್ತದೆ. ನಂತರ ಅವರು ಅದೇ ಒಲೆಯನ್ನು “ಕಬ್ಬಿಣದ ಶಿಲ್ಪ, ಹೊಟ್ಟೆಯಲ್ಲಿ ಬೆಂಕಿ” ಎಂದು ಕರೆದು ಮರು ಅರ್ಜಿ ಹಾಕಿದ್ದು, ಶಿಲ್ಪಕ್ಕೆ ಬೆಂಕಿ ಹಚ್ಚುವುದು ಶಿಲ್ಪಿಗೆ ಮಾಡುವ ಅವಮಾನವೆಂದು ಪರಿಗಣಿಸಿ ಅದನ್ನೂ ತಿರಸ್ಕರಿಸಲಾಗಿರುತ್ತದೆ.

೨. ಕಳೆದ ಸಾಲಿನಲ್ಲಿ ಅನುದಾನವನ್ನು ಕಲೆಯ ಗುಣ ನೋಡಿ ಹಂಚಲಾಗಿ, ಅರ್ಧ ಊರು ಇನ್ನರ್ಧ ಊರಿನೊಂದಿಗೆ ಮಾತು ಬಿಟ್ಟಿತು. ಆದರೆ ಕುರಿ ಬೇಯಿಸಿ ಹಂಚುವಾಗ ನಮ್ಮಲ್ಲಿ ಎಂದೂ ಜಗಳವಾದದ್ದಿಲ್ಲ. ಯಾವ ಮೂಳೆ ಯಾರ ತಟ್ಟೆಗೆ ಎಂಬುದು ಹುಟ್ಟುವ ಮಗುವಿಗೂ ಗೊತ್ತಿರುತ್ತದೆ. ಆದಕಾರಣ ಇನ್ನು ಮುಂದೆ ಕಲಾ ಅನುದಾನವನ್ನು ಒಂದು ಬೆಂದ ಕುರಿಯೆಂದು ಭಾವಿಸಿ ಹಂಚತಕ್ಕದ್ದು:

(ಅ) ಸೊಂಟದ ಮೂಳೆಯ ಪಾಲು ಊರಿನ ಅತಿ ಹಿರಿಯರಾದ ಅಬ್ದಿಮಾಲಿಕ್ ಅಜ್ಜನವರಿಗೆ. ಅಜ್ಜ ಯಾವ ಕಲಾ ಯೋಜನೆಯನ್ನೂ ಸಲ್ಲಿಸಿರುವುದಿಲ್ಲ. ಸೊಂಟದ ಮೂಳೆಗೆ ಅರ್ಜಿ ಬೇಕಾಗುವುದಿಲ್ಲ.

(ಆ) ಎದೆಯ ಪಾಲು ಅಳಿಯನಿಗೆ. ಗ್ರಾಮಾಡಳಿತದ ಮುಖ್ಯಸ್ಥರಾದ ಒಮುರ್‌ಜಾಕ್ ಅವರ ಅಳಿಯ ಊರ ಬಾಗಿಲಲ್ಲಿ ಸಿಮೆಂಟಿನ ಹಿಮಚಿರತೆಯನ್ನು ನಿಲ್ಲಿಸಿದ್ದು, ಅದಕ್ಕೆ ಬಾಲ ಇಡಲು ಈ ಹಣ ಬಳಸತಕ್ಕದ್ದು. ಸದರಿ ಹಿಮಚಿರತೆಯನ್ನು “ಬಸುರಿ ಹೆಗ್ಗಣ” ಎಂದು ಕರೆಯುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ಮನಸ್ಸಿನಲ್ಲಿ ಅಂದುಕೊಳ್ಳಲು ಅಡ್ಡಿಯಿಲ್ಲ.

(ಇ) ತಲೆಯ ಪಾಲು ಮುಖ್ಯ ಅತಿಥಿಗೆ. ಅತಿಥಿಯು ಕಲಾವಿದನಾಗಿರಬೇಕಿಲ್ಲ, ಅರ್ಜಿದಾರನಾಗಿರಬೇಕಿಲ್ಲ, ಈ ಊರಿನವನೂ ಆಗಿರಬೇಕಿಲ್ಲ.

(ಈ) ಕಿವಿ ಮಕ್ಕಳಿಗೆ, ದೊಡ್ಡವರ ಮಾತು ಕೇಳಲಿ ಎಂಬ ಸದುದ್ದೇಶದಿಂದ. ಕೊಮುಜ್ ತಂಡದಲ್ಲಿರುವವರೆಲ್ಲ ಮಕ್ಕಳೇ ಆದ್ದರಿಂದ ತಂಡಕ್ಕೆ ಕಿವಿಯ ಪಾಲನ್ನು ಮಂಜೂರು ಮಾಡಲಾಗಿದೆ. ಈ ಹಣಕ್ಕೆ ಒಂದು ತಂತಿ ಬರುತ್ತದೆ. ಉಳಿದೆರಡನ್ನು ಕಲ್ಪಿಸಿಕೊಳ್ಳತಕ್ಕದ್ದು. ಕಲೆಯೆಂದರೆ ಕಲ್ಪನೆಯೇ.

೩. ಒಲೆಯಿಲ್ಲದ ಭವನದಲ್ಲಿ ಅಭ್ಯಾಸ ಮಾಡುವ ಪ್ರತಿ ಕಲಾವಿದೆಯೂ ಶಾಖಕ್ಕಾಗಿ ಮನೆಯಿಂದ ಒಂದು ಕುರಿಯನ್ನು ತಂದು ಪಕ್ಕದಲ್ಲಿ ಕೂರಿಸಿಕೊಳ್ಳತಕ್ಕದ್ದು. ಸದರಿ ಕುರಿಗಳನ್ನು ಹಾಜರಾತಿಯಲ್ಲಿ ಪ್ರೇಕ್ಷಕರೆಂದು ತೋರಿಸಲಾಗುವುದು. ಇದರಿಂದ ಇಡೀ ಜಿಲ್ಲೆಯಲ್ಲಿ, ಏಕೆ, ಇಡೀ ದೇಶದಲ್ಲಿ ಸಂಗೀತಕ್ಕೆ ಅತಿ ಹೆಚ್ಚು ಪ್ರೇಕ್ಷಕರಿರುವ ಊರು ನಮ್ಮದೇ ಆಗುತ್ತದೆ. ನಡುವೆ ಎದ್ದುಹೋಗುವ ಕುರಿಯ ಅಭಿರುಚಿಯನ್ನು ಪ್ರಶ್ನಿಸುವಂತಿಲ್ಲ. ಮೇಕೆಗಳಿಗೆ ಪ್ರವೇಶವಿಲ್ಲ, ಅವು ಆಹ್ವಾನ ಪತ್ರಿಕೆಯನ್ನು ತಿನ್ನುತ್ತವೆ.

೪. ಹಾಜರಿರುವ ಮನುಷ್ಯರು ಪ್ರತಿ ನುಡಿಕೆಯ ಕೊನೆಗೆ, ನಡುವೆ ಹಾಗೂ ಆರಂಭಕ್ಕೆ ಮುಂಚೆ ಚಪ್ಪಾಳೆ ತಟ್ಟಿ ಶಾಖೋತ್ಪಾದನೆಗೆ ಸಹಕರಿಸತಕ್ಕದ್ದು. ಕೈಗವಸು ತೆಗೆಯದೆ ತಟ್ಟಿದ್ದನ್ನು ಚಪ್ಪಾಳೆಯೆಂದು ಪರಿಗಣಿಸಲಾಗುವುದಿಲ್ಲ.

೫. “ಒಲೆ ಎಲ್ಲಿ?” ಎಂದು ಕಚೇರಿ ವೇಳೆಯಲ್ಲಿ ಯಾರೂ ಕೇಳುವಂತಿಲ್ಲ. ಉಳಿದ ವೇಳೆಯಲ್ಲಿ ಕಚೇರಿ ಮುಚ್ಚಿರುತ್ತದೆ.

೬. ಅನುದಾನ ಘೋಷಣೆಯ ಸಭೆಯನ್ನು ಬರುವ ಶುಕ್ರವಾರ ಮಧ್ಯಾಹ್ನ ಸಂಸ್ಕೃತಿ ಭವನದಲ್ಲಿ ಕರೆಯಲಾಗಿದೆ. ಮುಖ್ಯ ಅತಿಥಿಗಳಾಗಿ ಕಣಿವೆಯಾಚೆಯ ದೋಲೊತ್‌ಬಾಯ್ ಅವರು ಆಗಮಿಸುವರು. ಅವರ ಕುದುರೆಗಳನ್ನು ಎಣಿಸಲು ಹೋದವನು ಎಣಿಸುತ್ತಲೇ ಮುದುಕನಾದನು. ಅವರು ಸೀನಿದರೆ ಆಚೆ ಬೆಟ್ಟದಲ್ಲಿ ಹಿಮ ಜಾರುತ್ತದೆ. ಅವರು ಈ ವಿಭಾಗದ ಕಾರ್ಯದರ್ಶಿಯ ಬೀಗರಾಗಿರುವುದು, ಅಂದರೆ ನನ್ನ ಮಗಳು ಉಪೆಲ್ ಈ ಶರತ್ಕಾಲ ಅವರ ಮನೆಯ ಸೊಸೆಯಾಗಿ ಹೋಗಿರುವುದು, ಕೇವಲ ಕಾಕತಾಳೀಯ.

(ಇಲ್ಲಿಯವರೆಗಿನದನ್ನು ಸಭೆಗೆ ಮುಂಚೆ ಬರೆಯಲಾಗಿತ್ತು. ಇಲ್ಲಿಂದ ಮುಂದಿನದನ್ನು ಸಭೆಯ ನಂತರ ಬರೆಯಲಾಗಿದೆ. ಮೊದಲಿನದನ್ನು ಹರಿದು ಒಲೆಗೆ ಹಾಕದಿರುವುದಕ್ಕೆ ಕಾರಣ ಕಂಡಿಕೆ ೮ರಲ್ಲಿದೆ.)

೭. ಸಭೆಯ ನಡಾವಳಿ. ಸಭೆಯು ಸಮಯಕ್ಕೆ ಸರಿಯಾಗಿ ತಡವಾಗಿ ಆರಂಭವಾಯಿತು. ಎಲ್ಲರೂ ತುಪ್ಪಳದ ಕೋಟಿನಲ್ಲಿ ಹಾಜರಿದ್ದು, ಜನರ ಉಸಿರಿನ ಮಂಜಿನಿಂದ ಹಿಂದಿನ ಸಾಲಿನವರಿಗೆ ವೇದಿಕೆ ಕಾಣಿಸುತ್ತಿರಲಿಲ್ಲ. ಹೊರಗೆ ಕಡಾಯಿಯಲ್ಲಿ ಕುರಿ ಬೇಯುತ್ತಿತ್ತು. ಒಳಗೆ ಕಂಡಿಕೆ ೩ರಂತೆ ಬಂದಿದ್ದ ಕುರಿಗಳು ಆ ವಾಸನೆಗೆ ಮುಖ ತಿರುಗಿಸಿ ಕುಳಿತಿದ್ದವು. ಕಾರ್ಯದರ್ಶಿಯು ಪಾಲುಗಳನ್ನು ಓದಿ ಮುಗಿಸಿದ ಕೂಡಲೇ ಸೈಕಾಲ್ ಎಜೆಯವರು ಅನುಮತಿ ಪಡೆಯದೆ ಎದ್ದುನಿಂತರು.

“ಕಿವಿ ಕೊಟ್ರಿ, ಸಂತೋಷ. ಆದ್ರೆ ನನ್ನ ಹುಡುಗೀರಿಗೆ ಇರೋ ಕಿವಿಗಳೇ ಚಳಿಗೆ ಉದುರೋ ಹಾಗಿವೆ. ಒಲೆ ಕೊಡಿ.”

“ಒಲೆ ಕಲೆ ಅಲ್ಲ ಅಂತ ನಿಯಮಾನೇ ಇದೆಯಲ್ಲ, ಎಜೆ,” ಎಂದು ಮುಖ್ಯಸ್ಥ ಒಮುರ್‌ಜಾಕ್ ಅವರು ಸಮಜಾಯಿಷಿ ನೀಡಿದರು.

“ನಿಯಮ ಬರೆದೋನ ತಲೆ ಮೇಲೆ ನರಿ ತುಪ್ಪಳದ ಟೋಪಿ ಇದೆ, ಒಮುರ್‌ಜಾಕ್. ಅದಕ್ಕೇ ಒಳಗಿರೋದು ಇಷ್ಟು ಬೆಚ್ಚಗೆ ನಿದ್ದೆ ಮಾಡ್ತಿದೆ.”

ಸಭೆಯಲ್ಲಿ ನಗು. (ಕಾರ್ಯದರ್ಶಿಯ ಟೋಪಿಯು ಈ ಭೂಮಿಯ ಮೇಲೇ ಅತ್ಯುತ್ತಮ ಟೋಪಿಯೆಂಬುದನ್ನು ಇಲ್ಲಿ ದಾಖಲಿಸಲಾಗಿದೆ.)

ಆಗ ಅಬ್ದಿಮಾಲಿಕ್ ಅಜ್ಜ ಊರುಗೋಲಿನಿಂದ ನೆಲ ಕುಟ್ಟಿ, “ಸುಮ್ನೆ ಜಗಳ ಯಾಕೆ? ಕೊಮುಜ್ ಕಾವಿಗೆ ಕಬ್ಬಿಣ ಕರಗ್ತು ಅಂತ ಈ ಮಗ ಹೇಳ್ತಾನೆ. ಹಾಗಾದ್ರೆ ನೀರು ಕಾಯೋದೇನು ದೊಡ್ಡ ಮಾತು? ಒಂದು ಕೆಟಲ್ ನೀರು ತಂದಿಡಿ, ಹುಡುಗೀರು ನುಡಿಸ್ಲಿ. ನಂಗೂ ಚಹಾ ಕುಡೀಬೇಕು ಅನ್ನಿಸ್ತಿದೆ,” ಎಂದರು. ಹಿರಿಯರ ಮಾತಾದ್ದರಿಂದ ಕೆಟಲನ್ನು ತಂದು ಹುಡುಗಿಯರ ಮುಂದೆ ಇಡಲಾಯಿತು.

ಹುಡುಗಿಯರು ಕುದುರೆ ಓಟದ ನುಡಿಕೆಯೊಂದನ್ನು ಎತ್ತಿಕೊಂಡರು. ಅದು ನಾಗಾಲೋಟದಲ್ಲಿ ಸಾಗಬೇಕಾದ ನುಡಿಕೆ. ಬೆರಳು ಮಡಚಲು ಬಾರದೆ ಕುದುರೆ ಮೊದಲು ಕುಂಟಿತು, ಆಮೇಲೆ ನಡೆಯಿತು. ಎಲ್ಲರಿಗಿಂತ ಚಿಕ್ಕವಳು ನಡುವೆಯೇ ನಿಲ್ಲಿಸಿ, ಕೊಮುಜನ್ನು ತೊಡೆಯ ಮೇಲಿಟ್ಟು, ಕೈಗಳೆರಡನ್ನೂ ಪಕ್ಕದ ಕುರಿಯ ಉಣ್ಣೆಯೊಳಗೆ ತೂರಿಸಿ ತಲೆ ತಗ್ಗಿಸಿ ಕುಳಿತಳು. ಅವಳ ತಾಯಿ ಎದ್ದುಬಂದು ಅವಳ ಹೆಗಲಿಗೆ ಶಾಲು ಹೊದಿಸಿ, “ನಡಿಯೇ, ಮನೆಗೆ ಹೋಗೋಣ. ನಾಳೆಯಿಂದ ಬರೋದೇನೂ ಬೇಡ,” ಎಂದಳು. ಇನ್ನೂ ಕೆಲವು ತಾಯಂದಿರು ಶಾಲು ಹುಡುಕತೊಡಗಿದರು.

ಅಜ್ಜ ಕೆಟಲಿಗೆ ಬೆರಳಿಟ್ಟು ನೋಡಿದರು. ನೀರಿನ ಮೇಲೆ ಮಂಜುಗಡ್ಡೆಯ ಪೊರೆ ಕಟ್ಟಿತ್ತು.

ಇದು ತಂಪು ಜಾತಿಯ ನುಡಿಕೆಯೆಂದು ಕಾರ್ಯದರ್ಶಿಯು ವಿವರಣೆ ನೀಡಿದನು. ವಿವರಣೆಯನ್ನು ಯಾರೂ ಸ್ವೀಕರಿಸಲಿಲ್ಲ.

ಸಭೆ ಕೆಡುತ್ತಿರುವುದನ್ನು ಕಂಡು ಮುಖ್ಯ ಅತಿಥಿಗಳಾದ ಬೀಗರು, ಅತಿಥಿಯ ಕರ್ತವ್ಯವೆಂದು ಎದ್ದು, ನಾಲ್ಕು ಒಳ್ಳೆಯ ಮಾತಾಡಲು ಹೊರಟರು. “ನೀವು ಕಲೆಗೆ ಎಷ್ಟು ಬೆಲೆ ಕೊಡ್ತೀರಿ ಅಂತ ಊರೊಳಗೆ ಬರ್ತಾನೇ ಗೊತ್ತಾಯ್ತು. ಬಾಗಿಲಲ್ಲೇ ಒಂದು ಪ್ರಾಣಿ ನಿಲ್ಸಿದ್ದೀರಲ್ಲ, ಆಹಾ, ಎಂಥಾ... ಎಂಥಾ ಗಟ್ಟಿ ಪ್ರಾಣಿ ಅದು!”

“ಅದು ಇನ್ನು ನಿಮ್ಮದೇ, ಬೀಗ್ರೇ!” ಎಂದು ಮುಖ್ಯಸ್ಥರು ಅವರ ಮಾತು ಮುಗಿಯುವ ಮುಂಚೆಯೇ ಕೂಗಿದರು. ಅತಿಥಿ ಹೊಗಳಿದ್ದು ಅತಿಥಿಯ ಜೊತೆಗೇ ಹೋಗಬೇಕು. ಇಲ್ಲದಿದ್ದರೆ ನಮ್ಮಲ್ಲಿ ಮರ್ಯಾದೆ ಉಳಿಯುವುದಿಲ್ಲ. ಮರ್ಯಾದೆ ಉಳಿಸಲು ನಮ್ಮೂರ ಹುಡುಗರು ಅಷ್ಟು ಉತ್ಸಾಹದಿಂದ ಓಡಿದ್ದನ್ನು ಹಿಂದೆಂದೂ ಕಂಡಿರಲಿಲ್ಲ. ಹಿಮಚಿರತೆಯು ಕ್ಷಣಾರ್ಧದಲ್ಲಿ ಬೀಗರ ಲಾರಿಯಲ್ಲಿತ್ತು. ಮುಖ್ಯಸ್ಥರ ಅಳಿಯ ಒಬ್ಬನೇ ಅತ್ತನು.

ಬೀಗರು ಗಾಬರಿಯ ನಗೆ ನಕ್ಕರು. “ಅಯ್ಯಯ್ಯೋ, ನಿಮ್ಮೂರಲ್ಲಿ ಬಾಯಿ ತೆಗೆಯೋ ಹಾಗೇ ಇಲ್ವಲ್ಲ! ಮದುವೆ ದಿನಾನೂ ಹೀಗೇ ಆಯ್ತು. ಎಲ್ರೂ ಹೊರಗೆ ಕುಣೀತಿದ್ರು, ನಾನು ಇಲ್ಲೇ, ಇದೇ ಮೂಲೇಲಿ ಬೆನ್ನು ಕಾಯಿಸ್ತಾ ಕೂತಿದ್ದೆ. ಒಲೆ ಚೆನ್ನಾಗಿದೆ ಬೀಗ್ರೇ ಅಂದೆ, ಅಷ್ಟೇ. ಕೆಂಡ ಆರೋಕೂ ಬಿಡ್ಲಿಲ್ಲ ನಮ್ಮ ಎಸೆನ್‌ಕುಲ್ ಬೀಗ್ರು, ಪುಣ್ಯಾತ್ಮರು! ಹಿಂಬಾಗಿಲಿಂದ ತಗೊಂಡುಹೋಗಿ ಲಾರಿಗೆ ಹೇರಿಸೇಬಿಟ್ರು. ದಾರಿಯುದ್ದಕ್ಕೂ ಹೊಗೆ ಬಿಡ್ತಾ ಬಂತು. ನಮ್ಮೂರೋರು ಸೊಸೆ ಜೊತೆ ರೈಲೂ ಬಂತು ಅಂದ್ಕೊಂಡ್ರು!”

ಪ್ರೇಕ್ಷಕರಲ್ಲಿ ಒಂದು ಕುರಿ ಕೆಮ್ಮಿತು.

“ಭೂಮಿ ಹೊಟ್ಟೆ ಸೇರಿದ ಒಲೆ ಕಣಿವೆ ಆಚೆ ಎದ್ದುಬಂತೇನೋ, ಎಸೆನ್‌ಕುಲ್?” ಎಂದು ಸೈಕಾಲ್ ಎಜೆಯವರು ಕೇಳಿದರು. ಆ ಕೊರೆಯುವ ಚಳಿಯಲ್ಲಿ ಕಾರ್ಯದರ್ಶಿಯ ಮುಖವೊಂದೇ ಬಿಸಿಯಾಗಿತ್ತೆಂದು ಅಕ್ಕಪಕ್ಕದವರು ಸಾಕ್ಷಿ ನುಡಿದಿರುತ್ತಾರೆ.

ಬೀಗರ ನಗು ಆರಿಹೋಯಿತು. “ಅದು... ಊರಿನದಾ? ನಂಗೆ ಗೊತ್ತಿರ್ಲಿಲ್ಲ. ನಾಳೇನೇ ವಾಪಸ್ ತಂದಿಡ್ತೀನಿ.”

ಇಲ್ಲಿ ಕಾರ್ಯದರ್ಶಿಗೆ ನಿಜವಾಗಿ ಭಯವಾಯಿತು. ಕೊಟ್ಟ ಒಲೆ ವಾಪಸು ಬಂದರೆ ಆ ಸುದ್ದಿ ಲಾರಿಗಿಂತ ಮೊದಲು ಊರೂರು ಮುಟ್ಟುತ್ತದೆ. ಅಲ್ಲಿ ಉಪೆಲ್ ಹೊಸ ಸೊಸೆ. ದಿನಾ ಆ ಮನೆಯವರಿಗೆ ಚಹಾ ಬಗ್ಗಿಸಿ ಕೊಡುವಾಗ ಅವಳು ತಲೆ ಎತ್ತುವ ಹಾಗಿಲ್ಲ.

ಶಾಲು ಹೊದ್ದು ಬಾಗಿಲ ಬಳಿ ನಿಂತಿದ್ದ ಹುಡುಗಿಯರನ್ನು ಸೈಕಾಲ್ ಎಜೆಯವರು ನೋಡಿದರು. ಆಮೇಲೆ, “ಬೇಡ ದೋಲೊತ್‌ಬಾಯ್,” ಎಂದರು. “ಕೊಟ್ಟದ್ದು ಕೊಟ್ಟದ್ದೇ. ಇವನೊಬ್ಬ ಕೊಟ್ಟದ್ದಲ್ಲ, ಊರೇ ಕೊಟ್ಟದ್ದು ಅಂತ ಇಟ್ಕೊಳ್ಳಿ. ಉಪೆಲೂ ನನ್ನ ಹತ್ರ ಕೊಮುಜ್ ಕಲಿತೋಳೇ. ಅವಳು ಬೆಚ್ಚಗಿರ್ಲಿ.”

ಅಷ್ಟು ಹೇಳಿ ಕೂತುಬಿಟ್ಟರು. ತಮ್ಮ ಒಲೆಯನ್ನು ತಾವೇ ಬಿಟ್ಟುಕೊಟ್ಟಿದ್ದರು.

ಆಗ ಹಿಂದಿನ ಸಾಲಿನಿಂದ, ಮಂಜಿನೊಳಗಿನಿಂದ, ಕಾರ್ಯದರ್ಶಿಯ ಹೆಂಡತಿ ಬಾತ್ಮಾಳ ದನಿ ಕೇಳಿಸಿತು: “ಎಜೆ, ನಾಳೆ ನಮ್ಮನೆಗೆ ಚಹಾಕ್ಕೆ ಬನ್ನಿ. ಹುಡುಗೀರನ್ನೂ ಕರ್ಕೊಂಡ್ ಬನ್ನಿ. ನಮ್ಮ ಅತಿಥಿಗಳಾಗಿ.” ಅದಕ್ಕೆ ಸೇರಿಸಿ, “ಬರ್ತಾ ಗಾಡೀನೂ ತನ್ನಿ.”

೮. ಮರುದಿನ ಸೈಕಾಲ್ ಎಜೆಯವರು ಹುಡುಗಿಯರೊಂದಿಗೆ, ಎತ್ತಿನ ಬಂಡಿಯಷ್ಟು ದೊಡ್ಡ ಜಾರುಗಾಡಿಯೊಂದಿಗೆ ನಮ್ಮ ಮನೆಗೆ ಬಂದಿರುತ್ತಾರೆ. ಕಾರ್ಯದರ್ಶಿಯು ಜಾಣತನದಿಂದ ಒಲೆಯ ಮುಂದೆ ಅಡ್ಡ ನಿಂತು, ಗೋಡೆಯ ಕಂಬಳಿ, ಕಿಟಕಿಯ ಪರದೆ, ಕೊನೆಗೆ ತನ್ನ ಟೋಪಿಯತ್ತ ಅತಿಥಿಗಳ ಗಮನ ಸೆಳೆಯಲು ಯತ್ನಿಸಿರುತ್ತಾನೆ. ಎಜೆಯವರು ಮೊದಲ ಗುಟುಕು ಕುಡಿದು, ಅವನ ಹೆಗಲ ಮೇಲಿಂದ ಇಣುಕಿ, “ಆಹಾ ಬಾತ್ಮಾ, ಎಂಥಾ ಒಲೆ ನಿಮ್ಮದು!” ಎಂದರು. ಹುಡುಗಿಯರು ಒಬ್ಬೊಬ್ಬರಾಗಿ “ಎಂಥಾ ಒಲೆ! ಎಂಥಾ ಒಲೆ!” ಎಂದರು. ಎಲ್ಲರಿಗಿಂತ ಚಿಕ್ಕವಳು “ಕೊಳವೇನೂ ಚೆನ್ನಾಗಿದೆ,” ಎಂದು ಸೇರಿಸಿದಳು.

ಹೀಗೆ ಹೊಗಳಿಸಿಕೊಂಡ ನಮ್ಮ ಮನೆಯ ಒಲೆಯು ಈಗ ಸಂಸ್ಕೃತಿ ಭವನದಲ್ಲಿರುತ್ತದೆ. ಒಲೆ ಎಲ್ಲಿಯೋ ತಾನೂ ಅಲ್ಲಿಯೇ ಎಂದು ಬಾತ್ಮಾಳು ಹಿಟ್ಟಿನ ಮರಿಗೆ ಸಮೇತ ಅಲ್ಲಿಗೆ ಹೋಗಿ, ಹುಡುಗಿಯರಿಗೆ ಅಲ್ಲೇ ರೊಟ್ಟಿ ಸುಡುತ್ತಿರುತ್ತಾಳೆ. ಮನೆಯಲ್ಲಿ ಬಕೆಟಿನ ನೀರು ಕಲ್ಲಾಗಿರುವುದರಿಂದ ಕಾರ್ಯದರ್ಶಿಯೂ ಅಲ್ಲಿಗೇ ವರದಿ ಮಾಡಿಕೊಂಡಿದ್ದು, ಅವನನ್ನು ಒಲೆಗೆ ಬೆರಣಿ ಹಾಕುವ ಕೆಲಸಕ್ಕೆ ನಿಯೋಜಿಸಲಾಗಿದೆ. ಅಬ್ದಿಮಾಲಿಕ್ ಅಜ್ಜನವರು “ಸೊಂಟದ ಮೂಳೆ ಕಡಿಯೋಕೆ ನಂಗೆ ಹಲ್ಲೆಲ್ಲಿದೆ?” ಎಂದು ತಮ್ಮ ಪಾಲನ್ನು ತಂಡದ ಕೈಗೆ ದಾಟಿಸಿರುತ್ತಾರೆ. ತಟ್ಟೆಗೆ ಬಿದ್ದದ್ದನ್ನು ಇಷ್ಟ ಬಂದವರಿಗೆ ದಾಟಿಸುವ ಹಕ್ಕು ಹಿರಿಯರಿಗೆ ಇದ್ದೇ ಇರುತ್ತದೆ. ಹೀಗಾಗಿ ಎಲ್ಲ ಕೊಮುಜ್‌ಗಳಿಗೂ ಮೂರೂ ತಂತಿಗಳು ಬಂದಿರುತ್ತವೆ.

ಈ ಸುತ್ತೋಲೆಯಲ್ಲಿ ಒಂದಕ್ಷರವನ್ನೂ ಹೊಡೆದುಹಾಕದೆ, ಇದ್ದದ್ದು ಇದ್ದ ಹಾಗೇ ಭವನದ ಬಾಗಿಲಿಗೆ ಅಂಟಿಸಬೇಕು, ಕೊನೆಯಲ್ಲಿ ನಿಜವನ್ನು ಕಾರ್ಯದರ್ಶಿಯೇ ಬರೆಯಬೇಕು ಎಂಬುದು ಸೈಕಾಲ್ ಎಜೆಯವರ ಏಕೈಕ ಷರತ್ತು. ಅದರಂತೆ:

೯. ಒಲೆ ಕರಗಿರುವುದಿಲ್ಲ. ಕೊಳವೆ ಹಾರಿರುವುದಿಲ್ಲ, ನಾನೇ ಕಳಚಿದ್ದು, ಕೈ ಸುಟ್ಟುಕೊಂಡೆ. ಕೆಳಗಿನ ಊರಿನ ಕುರಿಗಳ ಮೈಮೇಲೆ ಉಣ್ಣೆ ಇದ್ದ ಹಾಗೇ ಇದೆ. ಬೀಗರಿಗೆ ಕುದುರೆ ಇರುವುದು ಎರಡು, ಅದರಲ್ಲೊಂದಕ್ಕೆ ಕಣ್ಣು ಕಾಣಿಸದು. ಒಲೆ ನನ್ನದಲ್ಲವೆಂದು ಕೊಡುವಾಗಲೇ ಗೊತ್ತಿತ್ತು. ಮಗಳನ್ನು ಕಳಿಸುವ ದಿನ, ಒಂದು ಮಾತಿಗೆ ಉರಿಯುವ ಒಲೆಯನ್ನೇ ಎತ್ತಿಕೊಡುವ ಅಪ್ಪ ಅವಳಿಗಿದ್ದಾನೆಂದು ಆ ಮನೆಯವರು ತಿಳಿಯಲಿ ಅನ್ನಿಸಿತು. ಕೊಟ್ಟೆ. ಅದು ಸರಿಯಲ್ಲ.

ಇನ್ನೊಂದನ್ನು ಯಾರೂ ಕೇಳಿಲ್ಲ, ಆದರೂ ಬರೆದುಬಿಡುತ್ತೇನೆ. ಕೊಮುಜ್ ತಂಡಕ್ಕೆ ಯಾವ ಪಾಲು ಎಂದು ತೀರ್ಮಾನಿಸುತ್ತಿದ್ದವನು ನಾನು. ಆದರೆ ಸಭೆ ಸಮಾರಂಭ ಬಿಟ್ಟು, ಸುಮ್ಮನೆ ಒಂದು ಕಡೆ ಕೂತು ಅವರ ನುಡಿಕೆ ಕೇಳಿದ್ದು ಈ ವಾರವೇ ಮೊದಲು. ಬೆರಳು ಬೆಚ್ಚಗಿದ್ದರೆ ಆ ಕುದುರೆ ನಿಜವಾಗಿಯೂ ಓಡುತ್ತದೆ. ನಿನ್ನೆ ಅದು ಓಡುತ್ತಿದ್ದಾಗ ನಾನು ಬೆರಣಿ ಹಾಕುವುದನ್ನು ಮರೆತು, ಒಲೆ ಆರಿ, ಎಲ್ಲರಿಂದ ಬೈಸಿಕೊಂಡಿರುತ್ತೇನೆ.

ಸಹಿ/-
(ಎಸೆನ್‌ಕುಲ್ ಬೈಗಾಜಿಯೆವ್)
ಕಾರ್ಯದರ್ಶಿ ಹಾಗೂ ಪ್ರಭಾರ ಬೆರಣಿ ಉಸ್ತುವಾರಿ

ಪ್ರತಿಗಳು:
೧. ಜಿಲ್ಲಾಡಳಿತಕ್ಕೆ, ಸದಯ ಮಾಹಿತಿಗಾಗಿ. ಕಂಡಿಕೆ ೭ರಿಂದ ಮುಂದಿನ ಹಾಳೆಗಳು ಹಿಮದಲ್ಲಿ ಕಳೆದುಹೋಗುವ ಸಂಭವವಿರುತ್ತದೆ.
೨. ಮುಖ್ಯಸ್ಥರಾದ ಒಮುರ್‌ಜಾಕ್ ಅವರಿಗೆ. ಅಳಿಯ ಇನ್ನೊಂದು ಚಿರತೆ ಆರಂಭಿಸದಂತೆ ನೋಡಿಕೊಳ್ಳಲು ಕೋರಿದೆ.
೩. ಸೈಕಾಲ್ ಎಜೆಯವರಿಗೆ, ಬಾಗಿಲಿಗೆ ಅಂಟಿಸಲು. ಗೋಂದನ್ನು ಅವರೇ ತಂದಿರುತ್ತಾರೆ.
೪. ಬೀಗರಿಗೆ ಕಳುಹಿಸತಕ್ಕದ್ದಲ್ಲ. ಓದಿ ಹೊಗಳಿದರೆ ಬಾಗಿಲು ಸಮೇತ ಕೊಡಬೇಕಾಗುತ್ತದೆ.
೫. ಬಾತ್ಮಾಳಿಗೆ ಓದಿ ಹೇಳಲಾಗಿದೆ. ಟೋಪಿಯ ಭಾಗಕ್ಕೆ ನಕ್ಕಿರುತ್ತಾಳೆ.
೬. ಕಚೇರಿ ಪ್ರತಿ: ಒಲೆ ಮತ್ತೆ ಹಚ್ಚಲು ಬಳಸಲಾಗಿದೆ.